‘ಎಪ್ಪುಡು ವಚ್ಚಾರು?’ ಅಂತ ಕೇಳೋರಿಗೆ ಚಿಪ್ಪಗಿರಿ ಕಡೆಯ ಉತ್ತರ

ಬ್ಯಾಂಕಿನಲ್ಲಿ ನಡೆದ ಒಂದು ಸಣ್ಣ ವಿಷಯ ಮೊದಲು ಹೇಳಿಬಿಡ್ತೀವಿ. ನಾವು ಕೌಂಟರಿನಲ್ಲಿ ಕೂತಿದ್ವಿ. ಚಿಪ್ಪಗಿರಿ ಕಡೆಯ ಹಿರಿಯರೊಬ್ಬರು ದುಡ್ಡು ತೆಗೆಯೋಕೆ ಬಂದು, ಫಾರಂ ಮೇಲೆ ಕನ್ನಡದಲ್ಲಿ ಸಹಿ ಮಾಡಿದ್ರು. ಹೊಸದಾಗಿ ವರ್ಗವಾಗಿ ಬಂದಿದ್ದ ಸಾಹೇಬರು ಅದನ್ನ ತಿರುಗಿಸಿ ಮುರುಗಿಸಿ ನೋಡಿ, ತೆಲುಗಿನಲ್ಲಿ ಸಹಿ ಮಾಡಲಿ, ಇಲ್ಲಾಂದ್ರೆ ಹೆಬ್ಬೆಟ್ಟು ಒತ್ತಿಸಿ ಅಂದ್ರು. ಓದು ಬರಹ ಬಲ್ಲ ಮನುಷ್ಯನಿಗೆ ಹೆಬ್ಬೆಟ್ಟು! ಖಾತೆ ತೆರೆದಾಗಿನ ಮಾದರಿ ಸಹಿಯೂ ಕನ್ನಡದಲ್ಲೇ ಇದೆ, ಸಹಿ ಯಾವ ಲಿಪಿಯಲ್ಲಿದ್ರೂ ಸಹಿಯೇ ಅಂತ ನಾವು ತೋರಿಸಿದ ಮೇಲೆ ದುಡ್ಡು ಕೊಟ್ರು. ಆಮೇಲೆ ಸಾಹೇಬರು ಪ್ರೀತಿಯಿಂದಲೇ ಕೇಳಿದ್ರು: ‘ಮೀರು ಕರ್ನಾಟಕ ನುಂಚಿ ಎಪ್ಪುಡು ವಚ್ಚಾರು ತಾತಾ?’

ಕರ್ನಾಟಕದಿಂದ ಯಾವಾಗ ಬಂದ್ರಿ ಅಂತ. ತಾತ ನೋಟು ಎಣಿಸ್ತಾ ಇದ್ದವರು ತಲೆ ಎತ್ತಿ, ‘ನಾವೆಲ್ಲಿಂದನೂ ಬಂದಿಲ್ರಿ, ಇಲ್ಲೇ ಅದೀವಿ’ ಅಂದು ಮತ್ತೆ ಎಣಿಸೋಕೆ ಶುರು ಮಾಡಿದ್ರು.

ಸಾಹೇಬರ ಮೇಲೆ ನಮಗೆ ಸಿಟ್ಟಿಲ್ಲ. ಆ ಪ್ರಶ್ನೆ ಅವರೊಬ್ಬರದ್ದಲ್ಲ. ಆಫೀಸಿನಲ್ಲಿ, ಕಾಲೇಜಿನಲ್ಲಿ, ಬಸ್ಸಿನಲ್ಲಿ ಅದನ್ನ ಕೇಳಿಸಿಕೊಳ್ಳದ ಕನ್ನಡದ ಮಗು ಆದವಾನಿ, ಆಲೂರು ಕಡೆ ಸಿಗೋದು ಕಷ್ಟ. ನಮಗೆ ಬೇಜಾರಾಗೋದು ನಮ್ಮ ಹುಡುಗರು ಕೊಡೋ ಉತ್ತರ ಕೇಳಿದಾಗ. ‘ನಮ್ಮ ತಾತ ಯಾವಾಗಲೋ ಬಳ್ಳಾರಿ ಕಡೆಯಿಂದ ಬಂದಿರಬೇಕು’ ಅಂತಾರೆ. ತಮ್ಮ ಮನೆಯಲ್ಲೇ ತಾವು ಬಾಡಿಗೆದಾರರು ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ಇಷ್ಟು ಬರೀತಾ ಇದ್ದೀವಿ.

ಬಳ್ಳಾರಿ ಕಡೆಯಿಂದ ಬರೋದೇನು, ನಾವಿದ್ದಿದ್ದೇ ಬಳ್ಳಾರಿ ಜಿಲ್ಲೆ. 1800ರಲ್ಲಿ ನಿಜಾಮ ಈ ಸೀಮೆಯನ್ನ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಆಮೇಲೆ ಆದವಾನಿ, ಆಲೂರು, ರಾಯದುರ್ಗ ಮೂರೂ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಚಿಪ್ಪಗಿರಿ ಆಗ ಆಲೂರು ತಾಲ್ಲೂಕಿನ ಊರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಜಿಲ್ಲೆ ಒಡೆಯಿತು. ಹೊಸಪೇಟೆ, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಮೈಸೂರಿಗೆ ಸೇರಿದವು. ಬಳ್ಳಾರಿ ತಾಲ್ಲೂಕಿನ ಬಗ್ಗೆ ದೊಡ್ಡ ಜಗಳವೇ ಆಗಿ, ಮಿಶ್ರಾ ಆಯೋಗ ಕೂತು, ಅದೂ ಮೈಸೂರಿಗೇ ಹೋಯಿತು. ನಮ್ಮ ಮೂರು ತಾಲ್ಲೂಕು ಆಂಧ್ರಕ್ಕೆ. ಆದವಾನಿ, ಆಲೂರು ಕರ್ನೂಲು ಜಿಲ್ಲೆಗೆ, ರಾಯದುರ್ಗ ಅನಂತಪುರಕ್ಕೆ. ಎರಡು ವರ್ಷ ಕಳೆದ ಮೇಲೆ ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿಯನ್ನೂ ಆಂಧ್ರಕ್ಕೆ ಕೊಡಿ ಅಂದಿತ್ತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಒಪ್ಪಿದ್ದರೆ ಇವತ್ತು ಬಳ್ಳಾರಿಯವರನ್ನೂ ‘ಎಪ್ಪುಡು ವಚ್ಚಾರು’ ಅಂತ ಕೇಳ್ತಿದ್ರೇನೋ.

ಬ್ಯಾಂಕಿಗೆ ಬಂದ ತಾತ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ಇರೋದು ಕರ್ನೂಲು ಜಿಲ್ಲೆಯಲ್ಲಿ. ಮನೆ ಮಾತ್ರ ಅದೇ ಮನೆ.

ಇನ್ನೂ ಹಿಂದಕ್ಕೆ ಹೋಗೋಣ. ನಾವು ಇತಿಹಾಸ ಓದಿದವರಲ್ಲ, ಬಿ.ಕಾಂ. ಮಾಡಿದವರು, ಆದ್ರೂ ಲೆಡ್ಜರ್ ನೋಡೋ ಅಭ್ಯಾಸ ಇದೆ. ಒಂದು ಸೀಮೆಯ ಹಳೆಯ ಲೆಡ್ಜರ್ ಅಂದ್ರೆ ಅಲ್ಲಿನ ಶಾಸನ ಮತ್ತು ಊರ ಹೆಸರು. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನೇ ಸೇರಿಸಿ ಸರ್ಕಾರ ಒಂದು ಸಂಪುಟ ಅಚ್ಚು ಹಾಕಿದೆ, ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೇದು. ಅದರಲ್ಲಿ ಹೆಚ್ಚಿನವು ಹಳೆಯ ಬಳ್ಳಾರಿ ಜಿಲ್ಲೆಯವು. ಆದವಾನಿ ಹತ್ತಿರದ ಪೆದ್ದತುಂಬಳಂಗೆ ಹೋದ್ರೆ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಸಿಗ್ತವೆ.

ಊರ ಹೆಸರು ನೋಡಿ. ಹತ್ತಿಬೆಳಗಲ್, ಹಾಲಹರವಿ, ಹೊಳಗುಂದ, ಬಂಟನಹಾಳ, ಮೊಳಗವಲ್ಲಿ. ತೆಲುಗಿನ ‘ಪೆದ್ದ’ ಮುಂದೆ ಕೂತ್ರೂ ಹಿಂದಿನ ಹೆಸರು ಹಾಗೇ ಉಳಿದ ಊರುಗಳಿವೆ. ಪೆದ್ದಹರಿವಾಣಂ ನಮ್ಮ ಬಾಯಲ್ಲಿ ದೊಡ್ಡ ಹರಿವಾಣ. ದಸರಾ ರಾತ್ರಿ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಉತ್ಸವದ ಬಡಿಗೆ ಕಾಳಗ ಟಿವಿಯಲ್ಲಿ ಬರುತ್ತಲ್ಲ, ಅದಕ್ಕೆ ತೆಲುಗು ಚಾನೆಲ್‌ಗಳೂ ‘ಬನ್ನಿ ಉತ್ಸವಂ’ ಅಂತಲೇ ಅಂತವೆ. ತೆಲುಗಿನಲ್ಲಿ ಆ ಮರದ ಹೆಸರು ಜಮ್ಮಿ. ಬನ್ನಿ ನಮ್ಮ ಮಾತು. ಈ ಪದವನ್ನ ಕರ್ನಾಟಕದಿಂದ ಯಾರೂ ಬಸ್ಸಿನಲ್ಲಿ ತಂದಿಲ್ಲ ಸ್ವಾಮಿ.

ಚಿಪ್ಪಗಿರಿಯ ವಿಷಯಕ್ಕೆ ಬಂದ್ರೆ, ವಿಜಯದಾಸರು. ಹುಟ್ಟಿದ್ದು ಈಗಿನ ರಾಯಚೂರು ಜಿಲ್ಲೆಯ ಚೀಕಲಪರ್ವಿ, ದೇಹ ಬಿಟ್ಟಿದ್ದು 1755ರಲ್ಲಿ ನಮ್ಮ ಚಿಪ್ಪಗಿರಿಯಲ್ಲಿ. ಅವರು ಹಾಡಿದ್ದೆಲ್ಲ ಕನ್ನಡ. ಅವರ ಶಿಷ್ಯರು ಗೋಪಾಲದಾಸರು, ಆ ಪರಂಪರೆಯಲ್ಲೇ ಮಾನ್ವಿಯ ಜಗನ್ನಾಥದಾಸರು. ತುಂಗಭದ್ರೆಯ ದಡದಲ್ಲಿ ಮಂತ್ರಾಲಯ. ಇಷ್ಟೂ ಊರುಗಳನ್ನ ಇವತ್ತಿನ ನಕ್ಷೆಯಲ್ಲಿ ಹುಡುಕಿದ್ರೆ ಎರಡು ರಾಜ್ಯದಲ್ಲಿ ಹಂಚಿಹೋಗಿವೆ. ದಾಸರು ನಡೆದಾಡಿದಾಗ ಅದು ಒಂದೇ ಸೀಮೆ. ಕಾರ್ತಿಕದಲ್ಲಿ ಆರಾಧನೆಗೆ ಬರೋ ಭಕ್ತರು ಚೆಕ್‌ಪೋಸ್ಟ್ ದಾಟಿ ಬರ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಂತ ಈ ನೆಲ ಬರೀ ಕನ್ನಡದ್ದು ಅಂತ ನಾವು ಹೇಳೋದಿಲ್ಲ. ಈ ಪುಟದಲ್ಲಿ ಕೆಲವು ಸಲ ಕಾಮೆಂಟ್ ಹಾಕೋ ಗೆಳೆಯರು ಹಾಗೆ ಬರೀತಾರೆ, ಅದು ತಪ್ಪು. ಆದವಾನಿ ಕೋಟೆ ವಿಜಯನಗರದವರ ಕೈಯಿಂದ ಬಿಜಾಪುರದವರಿಗೆ, ಅವರಿಂದ ಔರಂಗಜೇಬನ ಕಡೆಯವರಿಗೆ, ಆಮೇಲೆ ನಿಜಾಮನ ಮನೆತನಕ್ಕೆ ಹೋಯಿತು. 1786ರಲ್ಲಿ ಟಿಪ್ಪು ಮುತ್ತಿಗೆ ಹಾಕಿ ಹಿಡಿದ. ಪೇಟೆಯಲ್ಲಿ ಉರ್ದು ಬೇರು ಬಿಟ್ಟಿದೆ. ತೆಲುಗಿನವರು ನಮ್ಮಷ್ಟೇ ಹಳಬರು. ಎರೆಹೊಲದಲ್ಲಿ ಹತ್ತಿ ಬೆಳೆಯೋ ಲಿಂಗಾಯತರು, ಕುರಿ ಹಿಂದೆ ತಿರುಗೋ ಕುರುಬರು, ಬೇಡರು, ಮಾದಿಗರು, ತಾಂಡಾದ ಲಂಬಾಣಿಗರು, ಎಲ್ಲರೂ ಬೇರೆ ಬೇರೆ ಕಾಲಕ್ಕೆ ಬಂದು ಒಂದೇ ಬಾವಿ ನೀರು ಕುಡಿದವರು. 1876-78ರ ಧಾತು ಈಶ್ವರ ಬರದಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಜನ ಸತ್ತರು, ಉಳಿದವರು ಎದ್ದು ಹೋದರು. ಇವತ್ತಿಗೂ ಮಳೆ ಕೈಕೊಟ್ಟರೆ ಕೋಸಗಿ, ಆಲೂರು ಕಡೆಯವರು ಗುಳೆ ಹೋಗ್ತಾರೆ, ಮೆಣಸಿನಕಾಯಿ ಬಿಡಿಸೋಕೆ ಗುಂಟೂರಿಗೆ, ಗಾರೆ ಕೆಲಸಕ್ಕೆ ಬೆಂಗಳೂರಿಗೆ. ಇಂಥ ನೆಲದಲ್ಲಿ ‘ಮೊದಲು ಯಾರು’ ಅಂತ ಕೇಳಿದ್ರೆ ಉತ್ತರ ಸಿಗೋದಿಲ್ಲ. ‘ಯಾರು ಹೊರಗಿನವರು’ ಅಂತ ಕೇಳಿದ್ರೂ ಸಿಗೋದಿಲ್ಲ. ನಮ್ಮ ತಕರಾರು ಅಷ್ಟೇ.

ಗೆರೆ ಎಳೆದದ್ದರ ಪೆಟ್ಟು ಭಾಷೆಗೆ ಮಾತ್ರ ಬಿದ್ದಿಲ್ಲ. ಬೇಡರ ಮನೆಗಳನ್ನ ನೋಡಿ. ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಅಂದ್ರೆ ಪರಿಶಿಷ್ಟ ಪಂಗಡ. ನಮ್ಮ ಕಡೆ ಅವರೇ ಬೋಯ, ಹಿಂದುಳಿದ ವರ್ಗ ‘ಎ’. ಸಿರುಗುಪ್ಪದಲ್ಲಿರೋ ದೊಡ್ಡಪ್ಪನ ಮಗನಿಗೆ ಒಂದು ಸರ್ಟಿಫಿಕೇಟು, ಹೊಳಗುಂದದಲ್ಲಿರೋ ಚಿಕ್ಕಪ್ಪನ ಮಗನಿಗೆ ಇನ್ನೊಂದು. ದೇವರು ಒಂದೇ, ಬೆಡಗು ಒಂದೇ, ಹೆಣ್ಣು ಕೊಟ್ಟು ತರೋದೂ ಅದೇ ಮನೆಗಳಲ್ಲಿ. ಇವರನ್ನ ಎಸ್‌ಟಿ ಪಟ್ಟಿಗೆ ಸೇರಿಸಿ ಅಂತ 2023ರ ಮಾರ್ಚ್‌ನಲ್ಲಿ ಆಂಧ್ರ ವಿಧಾನಸಭೆಯೇ ನಿರ್ಣಯ ಮಾಡಿ ಕೇಂದ್ರಕ್ಕೆ ಕಳಿಸಿತು.

ಇದೆಲ್ಲ ನಮ್ಮೊಬ್ಬರ ಕಥೆ ಅಂತ ಅನ್ಕೊಂಡಿದ್ವಿ. ಈಚೆಗೆ ರಷ್ಯಾದ ಬುರಿಯಾತರ ಬಗ್ಗೆ ಓದಿದಾಗ ನಗುನೂ ಬಂತು, ಸಂಕಟನೂ ಆಯಿತು. ಸೈಬೀರಿಯಾದ ಬೈಕಲ್ ಸರೋವರದ ಎರಡೂ ಕಡೆ ಇರೋ ಮಂಗೋಲ್ ಮೂಲದ ಜನ ಇವರು. 1727ರಲ್ಲಿ ರಷ್ಯಾ ಮತ್ತು ಚೀನಾದ ದೊರೆಗಳು ಕ್ಯಾಖ್ತಾ ಒಪ್ಪಂದ ಮಾಡಿಕೊಂಡು ಗಡಿ ಹಾಕಿದ್ರು. ಬುರಿಯಾತರು ರಷ್ಯಾದ ಕಡೆಗೆ, ಅವರ ನಂಟರಾದ ಮಂಗೋಲರು ಆಚೆ ಕಡೆಗೆ. 1923ರಲ್ಲಿ ಬುರಿಯಾತ್-ಮಂಗೋಲ್ ಅಂತ ಒಂದು ಗಣರಾಜ್ಯ ಸಿಕ್ಕಿತು. 1937ರಲ್ಲಿ ಸ್ಟಾಲಿನ್ ಅದನ್ನೂ ಒಡೆದು, ಪಶ್ಚಿಮದ ತುಂಡು ಇರ್ಕುತ್ಸ್ಕ್‌ಗೆ, ಪೂರ್ವದ ತುಂಡು ಚಿತಾಗೆ ಹಾಕಿದ. 1958ರಲ್ಲಿ ಹೆಸರಿನಿಂದ ‘ಮಂಗೋಲ್’ ಅನ್ನೋ ಪದವನ್ನೇ ತೆಗೆದ್ರು. ಇವತ್ತು ತಮ್ಮ ಹೆಸರಿನ ಗಣರಾಜ್ಯದಲ್ಲೇ ಅವರು ಅಲ್ಪಸಂಖ್ಯಾತರು. ಒಡೆದ ಪಶ್ಚಿಮದ ತುಂಡಿನಲ್ಲಿ ಅಲಾರ್ ಅಂತ ಒಂದು ಸೀಮೆ ಇದೆ, ಓದಿದಾಗ ಒಂದು ಕ್ಷಣ ಆಲೂರು ಅಂತಲೇ ಕಂಡಿತು! ನಮ್ಮ ಪರಿಸ್ಥಿತಿ ಅವರಷ್ಟು ಕೆಟ್ಟದ್ದಲ್ಲ. ನಮ್ಮನ್ನ ಯಾರೂ ಸ್ಟಾಲಿನ್ ಥರ ಹಿಂಸಿಸಿಲ್ಲ. ಆಂಧ್ರ ಸರ್ಕಾರ ಇವತ್ತಿಗೂ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಪರೀಕ್ಷೆ ನಡೆಸುತ್ತೆ, ಸಂವಿಧಾನದ 350ಎ ವಿಧಿ ಇದೆ. ಆದ್ರೆ ಮೊದಲು ನಕ್ಷೆ ಬದಲಾಗಿ, ಆಮೇಲೆ ಲೆಕ್ಕದಲ್ಲಿ ಜನ ಕರಗೋದು ಎರಡೂ ಕಡೆ ಒಂದೇ ಥರ.

ಲೆಕ್ಕ ಅಂದ್ವಲ್ಲ, ಅಸಲು ವಿಷಯ ಅಲ್ಲೇ ಇರೋದು. ಜನಗಣತಿಯಲ್ಲಿ ಜನರ ಎಣಿಕೆ 2027ರ ಫೆಬ್ರವರಿಯಲ್ಲಿ ಅಂತ ಸರ್ಕಾರ ಹೇಳಿದೆ. ಮನೆಗೆ ಬರೋರು ಬಹುಮಟ್ಟಿಗೆ ತೆಲುಗು ಮೇಷ್ಟ್ರುಗಳು. ಒಳ್ಳೆಯವರೇ, ಆದ್ರೆ ಬಿಸಿಲಲ್ಲಿ ಅಲೆದು ಸುಸ್ತಾದವರು ಮಾತೃಭಾಷೆ ಕಾಲಂನಲ್ಲಿ ಕೇಳದೇ ‘ತೆಲುಗು’ ಅಂತ ಹಾಕಿಬಿಡಬಹುದು. ನಾವೂ ‘ಏನೋ ಒಂದು ಬರ್ಕೊಳ್ರಿ ಸಾರ್’ ಅಂದುಬಿಡ್ತೀವಿ. ಭಾಷಾ ಅಲ್ಪಸಂಖ್ಯಾತರಿಗಾಗಿ ಸರ್ಕಾರಗಳು ಒಪ್ಪಿಕೊಂಡ ರಕ್ಷಣೆಗಳ ಪ್ರಕಾರ, ಒಂದು ಕಡೆ ಅಲ್ಪಸಂಖ್ಯಾತರ ಭಾಷೆಯವರು ನೂರಕ್ಕೆ 15 ಇದ್ರೆ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕು. ಆ ನೂರಕ್ಕೆ 15 ಎಣಿಸೋದು ಇದೇ ಕಾಲಂನಿಂದ.

ಗಣತಿಯವರ ಪ್ರಕಾರ ಮಾತೃಭಾಷೆ ಅಂದ್ರೆ ಚಿಕ್ಕವರಿದ್ದಾಗ ತಾಯಿ ನಮ್ಮ ಜೊತೆ ಆಡಿದ ಮಾತು. ಓದಿದ ಮಾಧ್ಯಮ ಅಲ್ಲ, ರಾಜ್ಯದ ಭಾಷೆ ಅಲ್ಲ. ಅವ್ವ ಕನ್ನಡದಲ್ಲಿ ಬೈದಿದ್ದರೆ ಕನ್ನಡ ಅಂತ ಬರೆಸಿ. ತೆಲುಗಿನಲ್ಲಿ ಬೈದಿದ್ದರೆ ತೆಲುಗು ಅಂತಲೇ ಬರೆಸಿ, ಸುಳ್ಳು ಲೆಕ್ಕ ನಮಗೆ ಬೇಡ. 2011ರಲ್ಲಿ ಅದರ ಪಕ್ಕದಲ್ಲೇ, ಬರೋ ಇತರ ಭಾಷೆಗಳು ಅಂತ ಎರಡಕ್ಕೆ ಜಾಗ ಇತ್ತು. ಈ ಸಲವೂ ಕೇಳಿದ್ರೆ ಅಲ್ಲಿ ತೆಲುಗು ಬರೆಸಿ, ಉರ್ದು ಬಂದ್ರೆ ಅದನ್ನೂ ಬರೆಸಿ. ಬರೆದಾದ ಮೇಲೆ ‘ಒಂದ್ಸಲ ತೋರಿಸಿ ಸಾರ್’ ಅಂತ ಕೇಳಿ ನೋಡಿಕೊಳ್ಳಿ. ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರ್ತಾರೆ ಅನ್ನೋದಾದ್ರೆ ಅವರಿಗೆ ಈಗಲೇ ಹೇಳಿಡಿ. ಗುಳೆ ಹೋಗೋರು ಎಲ್ಲಿರ್ತೀರೋ ಅಲ್ಲೇ ಬರೆಸಬೇಕಾಗುತ್ತೆ, ಗುಂಟೂರಿನ ಮೆಣಸಿನಕಾಯಿ ಹೊಲದ ಗುಡಿಸಲಿನಲ್ಲಿದ್ರೂ ಮಾತೃಭಾಷೆ ಅದೇ.