ಬೆಟ್ಟದ ಮಡುವಿನಲ್ಲಿ ಮೀಯುವ ಮುನ್ನ

ಮುಂಗಾರು ಮುಂಬಯಿಯನ್ನು ಮುಟ್ಟಿತೆಂದರೆ ನಮ್ಮವರ ಸಂಘಸಂಸ್ಥೆಗಳಲ್ಲಿ ವರ್ಷಾವಿಹಾರದ ಮಾತು ಮೊದಲಾಗುತ್ತದೆ. ಬಸ್ಸು ಗೊತ್ತುಮಾಡಿ, ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿಗಳೊಡನೆ ಸಹ್ಯಾದ್ರಿಯ ಯಾವುದಾದರೊಂದು ಜಲಪಾತದ ಬುಡಕ್ಕೆ ಹೋಗಿ ನೀರಾಡಿ ಬರುವುದು ವಾಡಿಕೆ. ಈ ವಾಡಿಕೆಯನ್ನು ಕೈಬಿಡಬೇಕೆಂದು ನಾನು ಹೇಳಹೊರಟಿಲ್ಲ. ಅದರ ಕಾಲವನ್ನು ಬದಲಿಸಬೇಕು, ಮತ್ತು ಅದಕ್ಕೂ ಮುಂಚೆ ನಮ್ಮ ಮಕ್ಕಳಿಗೆ ಈಜು ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಬೆಟ್ಟದ ತೊರೆಯು ಬಂಡೆಯನ್ನು ಕೊರೆದು ನಿರ್ಮಿಸಿದ ಮಡುವಿನಲ್ಲಿ ಮೀಯುವ ಸುಖ ಅಸಾಮಾನ್ಯವಾದುದು. ಮಲೆನಾಡಿನವರು ಇಂಥ ಮಡುವನ್ನು ಗುಂಡಿ ಎನ್ನುತ್ತಾರೆ. ಆಗುಂಬೆಯ ಬಳಿಯ ಜೋಗಿಗುಂಡಿ, ಹೆಬ್ರಿಯ ಕಡೆಯಿಂದ ಹೋಗುವ ಸೀತಾನದಿಯ ಕೂಡ್ಲುತೀರ್ಥ ನಮ್ಮಲ್ಲಿ ಅನೇಕರಿಗೆ ಪರಿಚಿತವಾದವು. ಇಲ್ಲಿಯೂ ರಾಯಗಡ ಜಿಲ್ಲೆಯ ಭಿರಾ ಗ್ರಾಮದಿಂದ ಕಾಡುದಾರಿಯಲ್ಲಿ ನಡೆದು ಹೋದರೆ ದೇವಕುಂಡವಿದೆ. ತೀರ್ಥ, ಕುಂಡ ಎಂಬ ಹೆಸರುಗಳೇ ಹಿರಿಯರು ಈ ನೀರನ್ನು ಯಾವ ಭಾವದಿಂದ ಕಂಡರೆಂಬುದನ್ನು ಸಾರುತ್ತವೆ. ದಿನವಿಡೀ ಕುರ್ಚಿಯಲ್ಲಿ ಕುಳಿತು, ಬೆಳಗು ಬೈಗು ಲೋಕಲ್ ರೈಲಿನಲ್ಲಿ ನಿಂತು ದಣಿಯುವ ನಮ್ಮಂಥವರಿಗೆ ಈಜಿಗಿಂತ ಹಿತವಾದ ವ್ಯಾಯಾಮವೂ ಅಪರೂಪ. ದೇಹದ ಭಾರವನ್ನು ನೀರೇ ಹೊರುವುದರಿಂದ ಮಂಡಿಗಳಿಗೆ ನೋವಿಲ್ಲ; ಹೃದಯ ಶ್ವಾಸಕೋಶಗಳಿಗೆ ಒಳ್ಳೆಯ ಕೆಲಸ.

ಆದರೆ ಈ ನೀರಿನಲ್ಲಿ ಎರಡು ಬಗೆಯ ಅಪಾಯಗಳಿವೆ. ಅವೆರಡನ್ನೂ ಒಂದೇ ಎಂದು ಭಾವಿಸುವುದೇ ಅನರ್ಥಕ್ಕೆ ಮೂಲ.

ಮೊದಲನೆಯದು ಪ್ರವಾಹ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂಬದಿಯ ಜಲಧಾರೆಯಲ್ಲಿ ನಿಂತಿದ್ದ ಒಂದು ಕುಟುಂಬವು ಏಕಾಏಕಿ ಏರಿದ ನೀರಿಗೆ ಸಿಕ್ಕಿತು. ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತರೂ ಉಪಯೋಗವಾಗಲಿಲ್ಲ. ಓರ್ವ ಮಹಿಳೆಯೂ ನಾಲ್ವರು ಮಕ್ಕಳೂ ಅಸುನೀಗಿದರು. ಅವರು ಈಜಲು ಹೋದವರಲ್ಲ, ನೀರಿನಲ್ಲಿ ನಿಂತು ನಲಿಯುತ್ತಿದ್ದವರು. ಘಟ್ಟದ ತೊರೆಯ ಸ್ವಭಾವವೇ ಅಂಥದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಅದರ ಬಹುಭಾಗ ಮಳೆಗಾಲದ ನಾಲ್ಕೇ ತಿಂಗಳಲ್ಲಿ. ಕಡಿದಾದ ಬಂಡೆಗಳ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ತಂಗುವುದಿಲ್ಲ. ನಾವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಶಿಖರದಲ್ಲಿ ಸುರಿದ ಮಳೆ ಕೆಲವೇ ನಿಮಿಷಗಳಲ್ಲಿ ಕೆಳಗೆ ಬರುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕದ ಮುಂದೆ ನುರಿತ ಈಜುಗಾರನೂ ನಿಲ್ಲಲಾರ. ಆದುದರಿಂದ ಇದಕ್ಕೆ ಮದ್ದು ಈಜಲ್ಲ, ಪಂಚಾಂಗ. ಮಳೆಗಾಲದಲ್ಲಿ ಜಲಪಾತವನ್ನು ದೂರದಿಂದ ನೋಡತಕ್ಕದ್ದು. ಇಳಿಯುವುದಿದ್ದರೆ ದೀಪಾವಳಿ ಕಳೆದ ಮೇಲೆ, ನೀರು ತಿಳಿಯಾದಾಗ ಇಳಿಯತಕ್ಕದ್ದು.

ಎರಡನೆಯದು ಆಳ. ತಿಳಿನೀರು ಮೋಸಗಾರ. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ ಎಂಟು ಅಡಿ ಆಳದ ಮಡು ಮೇಲಿಂದ ನೋಡುವವನಿಗೆ ಆರೇ ಅಡಿಯಾಗಿ ತೋರುತ್ತದೆ. ಬಂಡೆಯ ಮೇಲೆ ಹಾವಸೆ, ಅಡಿಯಲ್ಲಿ ಕೊರಕಲು, ಧಾರೆ ಬೀಳುವಲ್ಲಿ ಕೆಳಕ್ಕೆಳೆಯುವ ಸೆಳೆತ. ಇದಕ್ಕೆ ಮದ್ದು ಈಜು, ಮತ್ತು ಆ ಸ್ಥಳವನ್ನು ಬಲ್ಲವರ ಮಾತು.

ನಮ್ಮ ಹಿರಿಯರಿಗೆ ಈ ಎರಡೂ ಇದ್ದವು. ಸೋರೆಬುರುಡೆಯನ್ನೋ ಜೋಡಿ ಒಣ ತೆಂಗಿನಕಾಯಿಯನ್ನೋ ಸೊಂಟಕ್ಕೆ ಕಟ್ಟಿ ಮಕ್ಕಳನ್ನು ಕೆರೆಬಾವಿಗಳಿಗೆ ಇಳಿಸುತ್ತಿದ್ದರು. ಯಾವ ಗುಂಡಿಗೆ ಯಾವ ತಿಂಗಳಲ್ಲಿ ಇಳಿಯಬಾರದೆಂಬುದು ಊರಿಗೇ ಗೊತ್ತಿತ್ತು. ನಾಲ್ಕನೆಯ ಮಹಡಿಯ ಮನೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇವೆರಡೂ ದಕ್ಕಿಲ್ಲ. ಮೇ ತಿಂಗಳಲ್ಲಿ ಅಜ್ಜನ ಊರಿಗೆ ಹೋದಾಗ ಅಲ್ಲಿಯ ಹುಡುಗರು ಬಂಡೆಯಿಂದ ಧುಮುಕುತ್ತಾರೆ. ಹೇಡಿ ಎನಿಸಿಕೊಳ್ಳಲಾರದೆ ನಮ್ಮವರೂ ಧುಮುಕುತ್ತಾರೆ. ನನ್ನ ಚಿಂತೆ ಇರುವುದು ಇಲ್ಲಿಯೇ.

ಇಂಥ ತಾಣಗಳನ್ನು ಮುಚ್ಚಿಬಿಟ್ಟರೆ ತೀರಿತಲ್ಲವೇ ಎಂದು ಕೆಲವರು ಕೇಳಬಹುದು. ಮಳೆಗಾಲದಲ್ಲಿ ಜಿಲ್ಲಾಡಳಿತಗಳು ಹೊರಡಿಸುವ ನಿಷೇಧಾಜ್ಞೆಗಳು ಯುಕ್ತವಾದವು. ಅವನ್ನು ಮೀರುವುದು ಸಾಹಸವಲ್ಲ, ಅವಿವೇಕ. ಆದರೆ ಫಲಕವು ಈಜು ಕಲಿಸಲಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಕೂಸುಗಳು. ಶಾಲೆಗೆ ಹೋಗುವ ಮಕ್ಕಳಿಗೆ ಈಜನ್ನೂ ಜಲಸುರಕ್ಷತೆಯನ್ನೂ ಕಲಿಸಬೇಕೆಂಬುದು ಆ ಸಂಸ್ಥೆಯ ಮುಖ್ಯ ಸಲಹೆಗಳಲ್ಲಿ ಒಂದು. ನೀರನ್ನು ಕಂಡರೆ ಹೆದರುವ ಪೀಳಿಗೆಯನ್ನು ಬೆಳೆಸುವುದಕ್ಕಿಂತ ನೀರನ್ನು ಅರಿತ ಪೀಳಿಗೆಯನ್ನು ಬೆಳೆಸುವುದು ಲೇಸು.

ಹೋಗುವವರು ಗಮನಿಸಬೇಕಾದ ವಿಷಯಗಳು ಕೆಲವೇ. ಆ ಊರಿನವರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ತಲೆ ಮುಂದಾಗಿ ಎಂದೂ ಧುಮುಕಬಾರದು; ಕಾಲಿನಿಂದ ಆಳ ನೋಡುತ್ತ ಇಳಿಯಬೇಕು. ಧಾರೆಯ ನೇರ ಕೆಳಗೆ ಹೋಗಬಾರದು. ಮದ್ಯಪಾನ ಮಾಡಿದವರು ದಡದಲ್ಲಿಯೂ ಇರದಿರುವುದು ಉತ್ತಮ. ನೀರು ಕದಡಿತೆಂದರೆ, ಕಸಕಡ್ಡಿ ತೇಲಿಬಂದರೆ, ಬಟ್ಟೆಬರೆಯ ಆಸೆ ಬಿಟ್ಟು ಮೇಲೇರಬೇಕು. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನ ಕಾಡುತೊರೆಗಳಿಗೆ ಹೋಗುವವರು, 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನಕಾಯಿಲೆಯನ್ನು ನೆನಪಿಟ್ಟು, ಮೈಗೆ ಉಣ್ಣೆ ಹತ್ತದಂತೆ ಎಚ್ಚರ ವಹಿಸಬೇಕು.

ಯಾರಾದರೂ ಮುಳುಗುತ್ತಿದ್ದರೆ ಒಡನೆಯೇ ಹಾರುವುದು ಎರಡನೆಯ ಸಾವಿಗೆ ದಾರಿ. ಹಗ್ಗ, ಸೀರೆ, ಪಂಚೆ, ಬಿದಿರಗಳು, ಮುಚ್ಚಳ ಬಿಗಿದ ಖಾಲಿ ಕ್ಯಾನು ಯಾವುದಾದರೂ ಸರಿ, ಎಸೆಯಬೇಕು. ದಡಕ್ಕೆ ತಂದವರ ಹೊಟ್ಟೆ ಅಮುಕಿ ನೀರು ಕಕ್ಕಿಸುವ, ತಲೆಕೆಳಗಾಗಿ ಎತ್ತಿ ತಿರುಗಿಸುವ ಹಳೆಯ ಪದ್ಧತಿ ಹಾನಿಕರ. ಉಸಿರಿಲ್ಲದಿದ್ದರೆ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರೂದಬೇಕು. ಬಳಿಕ ಎದೆಯ ನಡುವೆ 30 ಸಲ ಬಲವಾಗಿ ಒತ್ತಬೇಕು. ಇದನ್ನೇ ಪುನರಾವರ್ತಿಸುತ್ತ 108ಕ್ಕೆ ಕರೆ ಮಾಡಿಸಬೇಕು. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ಒಯ್ಯಲೇಬೇಕು.

ಲೆಕ್ಕಪತ್ರಗಳೊಡನೆ ಬಾಳುವ ನನಗೆ ಇನ್ನೊಂದು ಮಾತು ತೋರುತ್ತದೆ. ನಮ್ಮ ಸಂಘಗಳ ಆಯವ್ಯಯದಲ್ಲಿ ವಿಹಾರದ ಬಸ್ಸಿಗೆ, ಊಟಕ್ಕೆ, ಹಾರತುರಾಯಿಗಳಿಗೆ ಬಾಬ್ತುಗಳಿವೆ, ಈಜಿಗೆ ಇಲ್ಲ. ಬರುವ ವರ್ಷದಿಂದ ಜುಲೈ ತಿಂಗಳ ವಿಹಾರದ ಹಣವನ್ನು ಸದಸ್ಯರ ಮಕ್ಕಳ, ವಿಶೇಷವಾಗಿ ಹೆಣ್ಣುಮಕ್ಕಳ, ಈಜು ಶಿಕ್ಷಣಕ್ಕೆ ವಿನಿಯೋಗಿಸೋಣ. ನವೆಂಬರಿನಲ್ಲಿ ಎಲ್ಲರೂ ಕೂಡಿ ಬೆಟ್ಟದ ಮಡುವಿಗೆ ಹೋಗೋಣ. ಕಾರ್ಯಕಾರಿ ಸಮಿತಿಯವರು ಈ ಸಲಹೆಯನ್ನು ಮುಂದಿನ ಮಹಾಸಭೆಯ ಮುಂದಿಡಬೇಕೆಂದು ನನ್ನ ಸವಿನಯ ಪ್ರಾರ್ಥನೆ.