ವಿಶಾಖಪಟ್ಟಣದ ಅಂಗಳ ಹೇಳುವ ಮಾತು

ಕ್ರಿಕೆಟ್ ಅಭಿಮಾನಿಯ ಸಿಟ್ಟಿಗೆ ನಮ್ಮ ದೇಶದಲ್ಲಿ ಒಳ್ಳೆಯ ಹೆಸರಿಲ್ಲ. 1996ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಈಡನ್ ಗಾರ್ಡನ್ಸ್‌ನ ಪ್ರೇಕ್ಷಕರು ಬೆಂಕಿ ಹಚ್ಚಿ ಪಂದ್ಯವನ್ನೇ ನಿಲ್ಲಿಸಿದರು. 2007ರಲ್ಲಿ ಬಾಂಗ್ಲಾದೇಶದೆದುರು ಸೋತಾಗ ರಾಂಚಿಯಲ್ಲಿ ಧೋನಿಯ ಮನೆಯ ಮೇಲೆ ದಾಳಿ ನಡೆಯಿತು. ಇಂಥ ಸಿಟ್ಟನ್ನು ಸಮರ್ಥಿಸುವ ಮಾತೇ ಇಲ್ಲ. ಆದರೆ ಇನ್ನೊಂದು ಬಗೆಯ ಸಿಟ್ಟಿದೆ. ಅದು ಕಲ್ಲೆಸೆಯುವುದಿಲ್ಲ, ಯಾರ ಪ್ರತಿಕೃತಿಯನ್ನೂ ಸುಡುವುದಿಲ್ಲ. ಐದು ದಿನದ ಪಂದ್ಯವನ್ನು ಐದೂ ದಿನ ನೋಡಿ, ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ‘ಹೀಗೇಕಾಯಿತು?’ ಎಂದು ಕೇಳುತ್ತದೆ. ಆ ಸಿಟ್ಟಿಗೆ ಉತ್ತರ ಪಡೆಯುವ ಹಕ್ಕಿದೆ ಎಂದು ನಾನು ನಂಬಿದ್ದೇನೆ.

ಮೊದಲು ದೂರನ್ನು ಸ್ಪಷ್ಟಪಡಿಸಿಕೊಳ್ಳೋಣ. ಹನ್ನೆರಡು ವರ್ಷ, ಹದಿನೆಂಟು ಸರಣಿಗಳ ಕಾಲ ತವರಿನ ಟೆಸ್ಟ್‌ಗಳಲ್ಲಿ ಅಜೇಯವಾಗಿದ್ದ ಭಾರತ 2024ರ ಅಕ್ಟೋಬರ್–ನವೆಂಬರ್‌ನಲ್ಲಿ ನ್ಯೂಜಿಲೆಂಡ್‌ನೆದುರು ಮೂರಕ್ಕೆ ಮೂರೂ ಪಂದ್ಯಗಳನ್ನು ಸೋತಿತು. ವರ್ಷ ಕಳೆಯುತ್ತಿದ್ದಂತೆ, 2025ರ ನವೆಂಬರ್‌ನಲ್ಲಿ, ದಕ್ಷಿಣ ಆಫ್ರಿಕಾ ಕೋಲ್ಕತ್ತ ಮತ್ತು ಗುವಾಹಟಿಗಳಲ್ಲಿ ಎರಡಕ್ಕೆ ಎರಡನ್ನೂ ಗೆದ್ದುಕೊಂಡಿತು. ಇದೇ ಅವಧಿಯ ಅಕ್ಕಪಕ್ಕದಲ್ಲಿ ಇದೇ ದೇಶ 2024ರ ಟಿ20 ವಿಶ್ವಕಪ್ಪನ್ನೂ 2025ರ ಚಾಂಪಿಯನ್ಸ್ ಟ್ರೋಫಿಯನ್ನೂ ಗೆದ್ದಿದೆ. ಆದುದರಿಂದ ಪ್ರತಿಭೆಯ ಬರ, ಹಣದ ಬರ, ಸೌಕರ್ಯದ ಬರ ಎಂಬ ಹಳೆಯ ಕಾರಣಗಳು ಇಲ್ಲಿ ನಿಲ್ಲುವುದಿಲ್ಲ. ನನ್ನ ದೃಷ್ಟಿಯಲ್ಲಿ ಬರ ಬಂದಿರುವುದು ನಂಬಿಕೆಗೆ. ನಮ್ಮ ಆಟಗಾರರು ಐದು ದಿನ ಆಡಿ ಎದುರಾಳಿಯನ್ನು ಸೋಲಿಸಬಲ್ಲರು ಎಂಬ ನಂಬಿಕೆ ತಂಡವನ್ನು ನಡೆಸುವವರಲ್ಲಿಯೇ ಕುಗ್ಗಿದೆ.

ಈ ಮಾತಿಗೆ ಸಾಕ್ಷಿ ಹುಡುಕಲು ವಿಶಾಖಪಟ್ಟಣಕ್ಕೆ ಹೋಗಬೇಕು. ಊರಿನ ಉತ್ತರಕ್ಕೆ, ಮಧುರವಾಡದ ಬಳಿ, ಗುಡ್ಡಗಳನ್ನು ಬೆನ್ನಿಗಿಟ್ಟುಕೊಂಡಿರುವ ಆ ಕ್ರೀಡಾಂಗಣದಲ್ಲಿ ಭಾರತದ ಪುರುಷರ ತಂಡ 2016, 2019 ಮತ್ತು 2024ರಲ್ಲಿ ಟೆಸ್ಟ್ ಆಡಿ ಮೂರನ್ನೂ ಗೆದ್ದಿದೆ. 2016ರ ನವೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ 246 ರನ್‌ಗಳಿಂದ, 2019ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 203 ರನ್‌ಗಳಿಂದ, 2024ರ ಫೆಬ್ರುವರಿಯಲ್ಲಿ ಮತ್ತೆ ಇಂಗ್ಲೆಂಡ್ ವಿರುದ್ಧ 106 ರನ್‌ಗಳಿಂದ. ಗೆಲುವಿಗಿಂತ ಗೆದ್ದ ರೀತಿ ಮುಖ್ಯ. 2019ರ ಪಂದ್ಯದಲ್ಲಿ ಮಯಂಕ್ ಅಗರ್ವಾಲ್ 215 ಹೊಡೆದರು, ಮೊದಲ ಬಾರಿ ಟೆಸ್ಟ್‌ನಲ್ಲಿ ಇನಿಂಗ್ಸ್ ಆರಂಭಿಸಿದ ರೋಹಿತ್ ಶರ್ಮಾ ಎರಡೂ ಸಲ ಶತಕ ಗಳಿಸಿದರು. ಎದುರಾಳಿಯೂ ಸುಮ್ಮನೆ ಕೂರಲಿಲ್ಲ. ಡೀನ್ ಎಲ್ಗರ್ 160, ಕ್ವಿಂಟನ್ ಡಿ ಕಾಕ್ 111 ಗಳಿಸಿ ತಮ್ಮ ತಂಡವನ್ನು 431ಕ್ಕೆ ಒಯ್ದರು. ಮೊದಲ ಇನಿಂಗ್ಸ್‌ನಲ್ಲಿ ಅಶ್ವಿನ್ ಏಳು ವಿಕೆಟ್ ಪಡೆದರೆ ಕೊನೆಯ ಇನಿಂಗ್ಸ್‌ನಲ್ಲಿ ವೇಗಿ ಶಮಿ ಐದು ಪಡೆದರು. 2024ರಲ್ಲಿ ಜೈಸ್ವಾಲ್ 209 ಗಳಿಸಿದ ಅಂಗಳದಲ್ಲಿಯೇ ಬೂಮ್ರಾ ಒಂಬತ್ತು ವಿಕೆಟ್ ಕಿತ್ತರು. ಬ್ಯಾಟ್ ಹಿಡಿದವನಿಗೆ ತಾಳ್ಮೆಯ ಫಲ, ಚೆಂಡು ಹಿಡಿದವನಿಗೆ ದುಡಿಮೆಯ ಫಲ, ಕೊನೆಗೆ ಉತ್ತಮ ತಂಡಕ್ಕೆ ಗೆಲುವು: ಅಂಗಳವೊಂದು ಇದಕ್ಕಿಂತ ಹೆಚ್ಚು ನ್ಯಾಯ ಕೊಡಲಾರದು.

2024ರ ಪಂದ್ಯದ ಹಿನ್ನೆಲೆಯನ್ನೂ ನೆನೆಯಬೇಕು. ಅದರ ಹಿಂದಿನ ವಾರವಷ್ಟೇ ಭಾರತ ಹೈದರಾಬಾದಿನಲ್ಲಿ 28 ರನ್‌ಗಳಿಂದ ಸೋತಿತ್ತು. ವಿರಾಟ್ ಕೊಹ್ಲಿ ಸರಣಿಯಲ್ಲಿರಲಿಲ್ಲ, ರವೀಂದ್ರ ಜಡೇಜ ಮತ್ತು ಕೆ.ಎಲ್. ರಾಹುಲ್ ಗಾಯಗೊಂಡಿದ್ದರು. ಹೆದರಲು ಸಕಲ ಕಾರಣಗಳಿದ್ದವು. ಆದರೂ ಚೆಂಡು ಮೊದಲ ಗಂಟೆಯಿಂದಲೇ ಬುಗುರಿಯಂತೆ ತಿರುಗುವ ಅಂಗಳದಲ್ಲಿ ಆಶ್ರಯ ಹುಡುಕದೆ, ಮೊದಲು ಬ್ಯಾಟು ಮಾಡಿ 396 ಗಳಿಸಿ, ಪಂದ್ಯವನ್ನು ಹಂತಹಂತವಾಗಿ ಕೈವಶ ಮಾಡಿಕೊಂಡರು. ಸರಣಿ 4–1ರಿಂದ ನಮ್ಮದಾಯಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಏನಾಯಿತು? ಮಳೆಯಲ್ಲಿ ನೆನೆದ ಬೆಂಗಳೂರಿನಲ್ಲಿ ಟಾಸ್ ಗೆದ್ದು ಬ್ಯಾಟಿಂಗ್ ಆಯ್ದುಕೊಂಡ ಭಾರತ 46ಕ್ಕೆ ಉರುಳಿತು. ತವರಿನಲ್ಲಿ ಅದಕ್ಕಿಂತ ಕಡಿಮೆ ಮೊತ್ತಕ್ಕೆ ನಾವು ಎಂದೂ ಔಟಾಗಿರಲಿಲ್ಲ. ಆದರೆ ಎರಡನೆಯ ಇನಿಂಗ್ಸ್‌ನಲ್ಲಿ ಸರ್ಫರಾಜ್ ಖಾನ್ 150, ರಿಷಭ್ ಪಂತ್ 99 ಗಳಿಸಿ ಮೊತ್ತವನ್ನು 462ಕ್ಕೆ ಏರಿಸಿದ್ದರು. ಒಂದು ಕೆಟ್ಟ ಮುಂಜಾನೆ, ಒಂದು ತಪ್ಪು ನಿರ್ಧಾರ, ಅನಂತರ ಚೇತರಿಕೆ. ಇದನ್ನು ಹಾಗೆಯೇ ಓದಿಕೊಳ್ಳಬಹುದಿತ್ತು. ಬದಲಿಗೆ ಮುಂದಿನ ಪಂದ್ಯಕ್ಕೆ ತಂಡದಲ್ಲಿ ಮೂರು ಬದಲಾವಣೆಗಳಾದವು, ಪುಣೆಯಲ್ಲಿ ಸ್ಪಿನ್ನಿಗೆ ಒಲಿಯುವ ಅಂಗಳ ಕಾದಿತ್ತು. ಅಲ್ಲಿ ನ್ಯೂಜಿಲೆಂಡಿನ ಮಿಚೆಲ್ ಸ್ಯಾಂಟ್ನರ್ ಹದಿಮೂರು ವಿಕೆಟ್ ಪಡೆದರು. ಮುಂಬಯಿಯಲ್ಲಿ 147 ಬೆನ್ನಟ್ಟುತ್ತ ನಾವು 121ಕ್ಕೆ ಮುಗಿದೆವು. ಇದರಿಂದ ಪಾಠ ಕಲಿತಿರಬೇಕೆಂದು ಭಾವಿಸಿದ್ದವರಿಗೆ ಮರುವರ್ಷ ಕೋಲ್ಕತ್ತ ಉತ್ತರ ಕೊಟ್ಟಿತು: ಗುರಿ 124, ಗಳಿಸಿದ್ದು 93. ಪಂದ್ಯ ಮೂರನೆಯ ದಿನವೇ ಮುಗಿಯಿತು. ನಮಗೆ ಬೇಕಾಗಿದ್ದ ಅಂಗಳವೇ ಇದು ಎಂದು ತರಬೇತುದಾರ ಗೌತಮ್ ಗಂಭೀರ್ ಅನಂತರ ಹೇಳಿದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು, ಬೇಡಿಕೆಯನ್ನಲ್ಲ.

ಅತಿಯಾಗಿ ತಿರುಗುವ ಅಂಗಳ ಬಲಿಷ್ಠನಿಗೆ ನೆರವಾಗುತ್ತದೆ ಎಂಬುದು ಭ್ರಮೆ. ಅದು ಬಲಿಷ್ಠನನ್ನೂ ಸಾಮಾನ್ಯನನ್ನೂ ಒಂದೇ ತಕ್ಕಡಿಗೆ ತರುತ್ತದೆ. ಒಳ್ಳೆಯ ಅಂಗಳದಲ್ಲಿ ವಿಕೆಟ್ ಪಡೆಯಲು ಅಶ್ವಿನ್‌ನಂಥವರ ಕಲೆ ಬೇಕು, ಬೂಮ್ರಾರ ಕೌಶಲ ಬೇಕು. ಧೂಳೇಳುವ ಅಂಗಳದಲ್ಲಿ ಒಂದೇ ಜಾಗಕ್ಕೆ ನೇರವಾಗಿ ಚೆಂಡು ಹಾಕಬಲ್ಲ ಯಾರಿಗಾದರೂ ವಿಕೆಟ್ ಸಿಗುತ್ತದೆ. ಅಂಥ ಪಂದ್ಯದಲ್ಲಿ ಟಾಸು, ಒಂದೆರಡು ಕೈತಪ್ಪಿದ ಕ್ಯಾಚು, ಒಬ್ಬ ತೆಂಬಾ ಬವುಮಾರ ಅಜೇಯ 55, ಇವೇ ಫಲಿತಾಂಶವನ್ನು ನಿರ್ಧರಿಸಿಬಿಡುತ್ತವೆ. ಕೋಲ್ಕತ್ತದ ಇಡೀ ಪಂದ್ಯದಲ್ಲಿ ಐವತ್ತು ದಾಟಿದ್ದು ಅದೊಂದೇ ಬ್ಯಾಟು. ತನ್ನಲ್ಲಿ ಹೆಚ್ಚು ಬಲವಿದೆ ಎಂದು ನಂಬಿದವನು ಲಾಟರಿಯ ಮೊರೆ ಹೋಗುವುದಿಲ್ಲ.

‘ಹಾಗಾದರೆ ಗುವಾಹಟಿ?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅಲ್ಲಿಯ ಅಂಗಳದಲ್ಲಿ ದೋಷವಿರಲಿಲ್ಲ. ದಕ್ಷಿಣ ಆಫ್ರಿಕಾ 489 ಗಳಿಸಿತು, ನಾವು 201 ಮತ್ತು 140. 408 ರನ್‌ಗಳ ಅಂತರ, ರನ್ ಲೆಕ್ಕದಲ್ಲಿ ನಮ್ಮ ಟೆಸ್ಟ್ ಚರಿತ್ರೆಯ ಅತಿದೊಡ್ಡ ಸೋಲು. ಆದರೆ ಇದು ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ. ತವರಿನಲ್ಲಿ ಮೂರು ದಿನದ ಗಡಿಬಿಡಿಯ ಪಂದ್ಯಗಳಿಗೆ ಒಗ್ಗಿಸಿದ ಬ್ಯಾಟ್ಸ್‌ಮನ್ನನ್ನು ಒಮ್ಮೆಲೇ ಕರೆತಂದು ಎರಡು ದಿನ ನಿಲ್ಲು ಎಂದರೆ ನಿಲ್ಲುವ ಅಭ್ಯಾಸ ಎಲ್ಲಿಂದ ಬರಬೇಕು? ದ್ರಾವಿಡ್ ಮತ್ತು ಪೂಜಾರ ಎರಡು ದಶಕಗಳ ಬಹುಭಾಗ ಕಾಯ್ದ ಮೂರನೆಯ ಕ್ರಮಾಂಕದಲ್ಲಿ ಕೋಲ್ಕತ್ತದಲ್ಲಿ ವಾಷಿಂಗ್ಟನ್ ಸುಂದರ್ ಇದ್ದರು, ಗುವಾಹಟಿಯಲ್ಲಿ ಸಾಯಿ ಸುದರ್ಶನ್. ಅದೇ ವರ್ಷದ ಇಂಗ್ಲೆಂಡ್ ಪ್ರವಾಸದಲ್ಲಿ ಅಲ್ಲಿ ಕರುಣ್ ನಾಯರ್ ಅವರೂ ಆಡಿದ್ದರು. ಕುರ್ಚಿಯಾಟದಲ್ಲಿ ಕಂಬ ನಿಲ್ಲುವುದಿಲ್ಲ.

ಕರುಣ್ ಹೆಸರು ಬಂದಾಗ ಕನ್ನಡಿಗ ಓದುಗರಿಗೆ ಒಂದು ನೋವು ಮರಳುತ್ತದೆ. 2016ರ ಆ ಇಂಗ್ಲೆಂಡ್ ಸರಣಿಯಲ್ಲಿ, ವಿಶಾಖಪಟ್ಟಣದ ಪಂದ್ಯವಾದ ಮೇಲೆ, ಅವರು ಟೆಸ್ಟ್‌ಗೆ ಪದಾರ್ಪಣೆ ಮಾಡಿ ಚೆನ್ನೈಯಲ್ಲಿ ಅಜೇಯ 303 ಗಳಿಸಿದರು. ಮುಂದಿನ ಟೆಸ್ಟ್‌ನಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಎಂಟು ವರ್ಷಗಳ ಬಳಿಕ ಮತ್ತೆ ಕರೆದು, ನಾಲ್ಕು ಪಂದ್ಯ ಆಡಿಸಿ, ಮತ್ತೆ ಕೈಬಿಟ್ಟರು. ವಿಶಾಖಪಟ್ಟಣದಲ್ಲಿ ದ್ವಿಶತಕ ಹೊಡೆದ ಮಯಂಕ್ 2022ರ ಮಾರ್ಚ್ ನಂತರ ಟೆಸ್ಟ್ ಆಡಿಲ್ಲ. ಆ ಊರಿನವರೇ ಆದ ವಿಕೆಟ್‌ಕೀಪರ್ ಕೆ.ಎಸ್. ಭರತ್ 2024ರಲ್ಲಿ ತಮ್ಮ ಜನರೆದುರು ಆಡಿ ಮುಂದಿನ ಪಂದ್ಯದಲ್ಲಿ ಜಾಗ ಕಳೆದುಕೊಂಡರು. ಈ ಮೂವರ ಬಗೆಗೂ ಆಯ್ಕೆಗಾರರಿಗೆ ಬೇರೆ ಬೇರೆ ಕಾರಣಗಳಿದ್ದಿರಬಹುದು, ಕೆಲವು ಸರಿಯೂ ಇರಬಹುದು. ಆದರೆ ಮುನ್ನೂರು ಹೊಡೆದರೂ ನಾಳೆಯ ಖಾತ್ರಿಯಿಲ್ಲ ಎಂದು ಕಂಡ ಮೇಲೆ ಇಪ್ಪತ್ತೈದರ ಹುಡುಗ ತಾಳ್ಮೆಯನ್ನು ಯಾವ ಭರವಸೆಯ ಮೇಲೆ ರೂಢಿಸಿಕೊಳ್ಳಬೇಕು?

ಸೋಲನ್ನೇ ಸಹಿಸಬಾರದು ಎಂಬುದು ನನ್ನ ಮಾತಲ್ಲ. ಆಂಧ್ರದ ಇನ್ನೊಂದು ಊರು, ವಿಜಯವಾಡ, ಅದನ್ನು ಚೆನ್ನಾಗಿ ಬಲ್ಲದು. ಅಲ್ಲಿಯ ಇಂದಿರಾ ಗಾಂಧಿ ಕ್ರೀಡಾಂಗಣ ಕಂಡ ಪುರುಷರ ಅಂತರರಾಷ್ಟ್ರೀಯ ಪಂದ್ಯ ಒಂದೇ ಒಂದು: 2002ರ ನವೆಂಬರ್ 24. ಸರಣಿ 3–3ರಲ್ಲಿ ನಿಂತಿತ್ತು. ವೆಸ್ಟ್ ಇಂಡೀಸ್‌ನ ಮಾರ್ಲನ್ ಸ್ಯಾಮುಯೆಲ್ಸ್ ಅಜೇಯ 108 ಬಾರಿಸಿದರು, ಭಾರತ 135 ರನ್‌ಗಳಿಂದ ಸೋತಿತು. ಅದರ ಬೆನ್ನಿಗೇ ನ್ಯೂಜಿಲೆಂಡ್ ಪ್ರವಾಸದಲ್ಲೂ ಟೆಸ್ಟ್ ಮತ್ತು ಏಕದಿನ ಸರಣಿಗಳೆರಡೂ ಕೈಬಿಟ್ಟವು. ಆದರೆ ಗಂಗೂಲಿಯ ನಾಯಕತ್ವ ಅಲುಗಲಿಲ್ಲ. ದ್ರಾವಿಡ್ ಕೈಗವಸು ತೊಟ್ಟು ವಿಕೆಟ್ ಕಾಯುವ ಏರ್ಪಾಡು ಬದಲಾಗಲಿಲ್ಲ. ಕೈಫ್, ಯುವರಾಜ್‌ರನ್ನು ಮನೆಗೆ ಕಳಿಸಲಿಲ್ಲ. ವಿಜಯವಾಡದ ಸೋಲಿಗೆ ನಾಲ್ಕು ತಿಂಗಳು ತುಂಬುವ ಮುನ್ನ ಆ ತಂಡ ವಿಶ್ವಕಪ್ ಫೈನಲ್ ಆಡುತ್ತಿತ್ತು. ವಿಶಾಖಪಟ್ಟಣವೂ ಇಂಥದನ್ನು ಕಂಡಿದೆ. 2023ರ ಮಾರ್ಚ್ 19ರಂದು ಅಲ್ಲಿ ಸ್ಟಾರ್ಕ್ ದಾಳಿಗೆ 117ಕ್ಕೆ ಕುಸಿದು ಹನ್ನೊಂದು ಓವರುಗಳಲ್ಲಿ ಹತ್ತು ವಿಕೆಟ್‌ಗಳಿಂದ ಸೋತ ತಂಡವೇ ಆ ವರ್ಷದ ವಿಶ್ವಕಪ್‌ನಲ್ಲಿ ಸಾಲಾಗಿ ಹತ್ತು ಪಂದ್ಯ ಗೆದ್ದು ಫೈನಲ್ ತಲುಪಿತು.

ಇದಕ್ಕಿಂತ ಹತ್ತಿರದ, ಹೆಚ್ಚು ಹೊಳಪಿನ ಉದಾಹರಣೆಯನ್ನು ಕೊಟ್ಟವರು ನಮ್ಮ ಮಹಿಳೆಯರು. 2025ರ ವಿಶ್ವಕಪ್‌ನಲ್ಲಿ ಅವರು ವಿಶಾಖಪಟ್ಟಣದಲ್ಲಿ ಮೂರು ದಿನಗಳ ಅಂತರದಲ್ಲಿ ಎರಡು ಸಲ ಸೋತರು. ಅಕ್ಟೋಬರ್ 9ರಂದು ದಕ್ಷಿಣ ಆಫ್ರಿಕಾದ ನಡೀನ್ ಡಿ ಕ್ಲರ್ಕ್ ಕೈಯಲ್ಲಿದ್ದ ಪಂದ್ಯವನ್ನು ಕಸಿದುಕೊಂಡರು. 12ರಂದು 330 ಗಳಿಸಿಯೂ ಅಲಿಸಾ ಹೀಲಿಯ 142ರೆದುರು ಸಾಲದಾಯಿತು. ಇಂದೋರಿನಲ್ಲಿ ಇಂಗ್ಲೆಂಡಿಗೆ ನಾಲ್ಕು ರನ್‌ಗಳಿಂದ ಮೂರನೆಯ ಸೋಲು. ಆರನೆಯ ಬೌಲರ್ ಬೇಕೆಂದು ಜೆಮಿಮಾ ರಾಡ್ರಿಗ್ಸ್‌ರನ್ನು ಆ ಪಂದ್ಯಕ್ಕೆ ಹೊರಗಿಟ್ಟರು. ಆದರೆ ಅವರ ಮೇಲಿನ ನಂಬಿಕೆ ಕಳೆದುಕೊಳ್ಳಲಿಲ್ಲ. ಮುಂದಿನ ಪಂದ್ಯಕ್ಕೇ ಮರಳಿ ಕರೆದರು. ಸೆಮಿಫೈನಲ್‌ನಲ್ಲಿ ಅದೇ ಆಸ್ಟ್ರೇಲಿಯದೆದುರು 339ರ ಗುರಿ ಮುಟ್ಟಿಸಿದ ಅಜೇಯ 127 ಅವರದೇ. ವಿಶಾಖಪಟ್ಟಣದ ಸೋಲುಗಳಲ್ಲಿ ಚೆಂಡು ಹಿಡಿದಿದ್ದ ಕಡಪ ಜಿಲ್ಲೆಯ ಶ್ರೀ ಚರಣಿ ನವೆಂಬರ್ 2ರ ಫೈನಲ್‌ನಲ್ಲೂ ಚೆಂಡು ಹಿಡಿದಿದ್ದರು. ಆ ತಂಡದ ತರಬೇತುದಾರ ಅಮೋಲ್ ಮಜುಂದಾರ್ ಪ್ರಥಮ ದರ್ಜೆಯಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ರನ್ ಗಳಿಸಿಯೂ ಭಾರತಕ್ಕೆ ಒಮ್ಮೆಯೂ ಆಡದವರು. ತಮ್ಮ ರಣಜಿ ಬದುಕಿನ ಕೊನೆಯ ದಿನಗಳನ್ನು ಆಂಧ್ರ ತಂಡದಲ್ಲಿಯೇ ಕಳೆದವರು. ಕಾಯುವುದೆಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಭಿಮಾನಿಯಾಗಿ ನಾನು ಕೇಳುವುದು ಬಹಳವಿಲ್ಲ. ಪ್ರತಿ ಸರಣಿಗೂ ಊರು ಬದಲಿಸದೆ, ಅಂಗಳದ ಗುಣ ಗೊತ್ತಿರುವ ನಾಲ್ಕೈದು ಊರುಗಳಿಗೆ ತವರಿನ ಟೆಸ್ಟ್‌ಗಳನ್ನು ಮೀಸಲಿಡಬೇಕು. ಐದು ಕೇಂದ್ರಗಳು ಸಾಕೆಂದು ನಾಯಕನಾಗಿದ್ದ ಕೊಹ್ಲಿ 2019ರಲ್ಲಿಯೇ ಹೇಳಿದ್ದರು. ಆ ಪಟ್ಟಿಯಲ್ಲಿ ವಿಶಾಖಪಟ್ಟಣಕ್ಕೆ ಜಾಗವಿರಲಿ; ಐಪಿಎಲ್‌ನ ಎರಡನೆಯ ತವರಾಗಿ ಮಾತ್ರ ಅದು ಉಳಿಯದಿರಲಿ. ಅಂಗಳ ಸಿದ್ಧಪಡಿಸುವವರಿಗೆ ತಂಡದ ಆಡಳಿತ ಆಜ್ಞೆ ಕೊಡುವ ಪದ್ಧತಿ ನಿಲ್ಲಲಿ. ರಣಜಿಯಲ್ಲಿ ಋತುಗಟ್ಟಲೆ ರನ್ ಕೂಡಿಸಿದವನಿಗೆ ಒಂದು ಸ್ಥಾನ ಕೊಟ್ಟರೆ, ಅದೇ ಸ್ಥಾನದಲ್ಲಿ ಎರಡು ಸರಣಿಯಾದರೂ ಬಿಡಲಿ.

ಇಷ್ಟನ್ನೂ ಮಾಡಿದ ಮೇಲೆ ತಂಡ ಸೋತರೆ ಸೋಲಲಿ. ಐದನೆಯ ದಿನದ ಸಂಜೆ, ಒಳ್ಳೆಯ ಅಂಗಳದಲ್ಲಿ, ನಮಗಿಂತ ಚೆನ್ನಾಗಿ ಆಡಿದವರ ಕೈಲಿ ಸೋತರೆ ಎದ್ದುನಿಂತು ಚಪ್ಪಾಳೆ ತಟ್ಟುವಷ್ಟು ಕ್ರಿಕೆಟ್ ನಮಗೂ ಗೊತ್ತಿದೆ. ಮೂರನೆಯ ದಿನದ ಮಧ್ಯಾಹ್ನ, ನಾವೇ ತೋಡಿಸಿದ ಹಳ್ಳದಲ್ಲಿ ನಾವೇ ಬೀಳುವುದನ್ನು ನೋಡಲು ಮಾತ್ರ ಇನ್ನು ಮನಸ್ಸಿಲ್ಲ.