‘ಶುಗರ್ ಫ್ರೀ’ ಎಂದರೆ ಅವ್ವನಿಗೆ ಏನು ತಿಳಿಯಬೇಕು?

ಕಳೆದ ತಿಂಗಳು ಅವ್ವ ವಿಜಯಪುರದಿಂದ ಧನಕವಡಿಯ ನಮ್ಮ ಮನೆಗೆ ಬಂದಿದ್ದಳು. ಆಕೆಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಚಹಾದ ಜೊತೆಗಿರಲಿ ಎಂದು ‘ಶುಗರ್ ಫ್ರೀ’ ಬಿಸ್ಕತ್ತು ತಂದಿಟ್ಟು ಆಫೀಸಿಗೆ ಹೋಗುತ್ತಿದ್ದೆ. ವಾರದ ಮೇಲೆ ಗ್ಲುಕೋಮೀಟರ್ ನೋಡಿ ಗಾಬರಿಯಾಯಿತು. ‘ಸಕ್ಕರಿ ಇಲ್ಲಂತ ನೀನ ಹೇಳಿದ್ದೆಲ್ಲಪಾ, ಅದಕ್ಕ ದಿನಾ ಆರೇಳು ತಿಂದೆ’ ಎಂದಳು.

ಆಮೇಲೆ ಪೊಟ್ಟಣ ತಿರುಗಿಸಿ ಓದಿದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ‘ರಿಫೈನ್ಡ್ ವೀಟ್ ಫ್ಲೋರ್’, ಅಂದರೆ ಮೈದಾ. ಹೆಚ್ಚು ತೂಕದ್ದನ್ನು ಮೊದಲು ಬರೆಯಬೇಕೆಂಬುದು ನಿಯಮ. 100 ಗ್ರಾಂ ಬಿಸ್ಕತ್ತಿನಲ್ಲಿ ಕಾರ್ಬೋಹೈಡ್ರೇಟ್ 68 ಗ್ರಾಂ! ಹೊಟ್ಟೆಗಿಳಿದ ಮೈದಾ ಗ್ಲೂಕೋಸ್ ಆಗದೆ ಇನ್ನೇನಾದೀತು?

ಹಾಗೆಂದು ಕಂಪನಿ ಸುಳ್ಳು ಹೇಳಿರಲಿಲ್ಲ. ಎಫ್‌ಎಸ್‌ಎಸ್‌ಎಐನ 2018ರ ನಿಯಮದ ಪ್ರಕಾರ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರದಿದ್ದರೆ ‘ಶುಗರ್ ಫ್ರೀ’ ಎಂದು ಬರೆಯಬಹುದು. ಪಿಷ್ಟದ ಬಗ್ಗೆ ಆ ಮಾತು ಏನೂ ಹೇಳುವುದಿಲ್ಲ. ‘ನೋ ಆಡೆಡ್ ಶುಗರ್’ ಕೂಡ ಹಾಗೆಯೇ. ಮೇಲಿಂದ ಸಕ್ಕರೆ ಹಾಕಿಲ್ಲ ಎಂದಷ್ಟೇ ಅದರ ಅರ್ಥ. ಹಣ್ಣಿನ, ಹಾಲಿನ ಸಕ್ಕರೆ ಇದ್ದೇ ಇರುತ್ತದೆ. ‘ಮಲ್ಟಿಗ್ರೇನ್’ ಎಂದರೆ ಹಲವು ಧಾನ್ಯಗಳಿವೆ ಎಂದು ಗೊತ್ತಾಗುತ್ತದೆ, ಎಷ್ಟಿವೆ ಎಂದಲ್ಲ.

ಪ್ರಾಧಿಕಾರ ಸುಮ್ಮನೆ ಕುಳಿತಿಲ್ಲ, ನಿಜ. ಗಟ್ಟಿ ಮಾಡಿದ ಹಣ್ಣಿನ ರಸಕ್ಕೆ ನೀರು ಬೆರೆಸಿ ಮಾರುವ ಜ್ಯೂಸ್ ಮೇಲಿನ ‘100% ಹಣ್ಣಿನ ರಸ’ ಎಂಬ ಮಾತನ್ನು ತೆಗೆಯಲು 2024ರ ಜೂನ್‌ನಲ್ಲಿ ಆದೇಶಿಸಿತು. ಆದರೆ ನನ್ನ ತಕರಾರು ಬೇರೆ. ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು ಎನ್ನುತ್ತದೆ ನಿಯಮ. ಬೇರೆ ಭಾಷೆ ಕಂಪನಿಯ ಇಚ್ಛೆಗೆ ಬಿಟ್ಟದ್ದು. ನಿತ್ಯ ಕನ್ನಡ ಪತ್ರಿಕೆ ಓದುವ ಅವ್ವ ಈ ಪೊಟ್ಟಣದ ಮುಂದೆ ಅನಕ್ಷರಸ್ಥೆ. ಇಲ್ಲಿ ಮರಾಠಿ ಮಾತ್ರ ಓದಬಲ್ಲ ನಮ್ಮ ಪಕ್ಕದ ಮನೆಯ ಆಜಿಯ ಪಾಡೂ ಅದೇ. ಮುಖ್ಯ ವಿವರಗಳಾದರೂ ಆಯಾ ರಾಜ್ಯದ ಭಾಷೆಯಲ್ಲಿ ಕಡ್ಡಾಯವಾಗಬೇಕು. ಸಕ್ಕರೆ ಕಾಯಿಲೆ ಭಾಷೆ ನೋಡಿ ಬರುವುದಿಲ್ಲ.

ಅಲ್ಲಿಯತನಕ ಓದುವ ಹೊಣೆ ನಮ್ಮದು. ಹಬ್ಬಕ್ಕೆ ಊರಿಗೆ ಹೊರಟಾಗ ಅಪ್ಪ-ಅವ್ವನಿಗೆಂದು ಬಿಸ್ಕತ್ತು, ಓಟ್ಸ್, ಜ್ಯೂಸ್ ಬ್ಯಾಗಿಗೆ ತುಂಬುತ್ತೇವಲ್ಲ, ಅದಕ್ಕೂ ಮುನ್ನ ಹಿಂಬದಿ ಓದೋಣ. ನಾನೀಗ ಪೊಟ್ಟಣದ ಮೇಲೆ ಮಾರ್ಕರ್‌ನಲ್ಲಿ ಕನ್ನಡದಲ್ಲೇ ಬರೆದಿಡುತ್ತೇನೆ: ‘ಇದು ಮೈದಾ. ದಿನಕ್ಕೆ ಒಂದು ಸಾಕು.’